ಯೆಜ್ಡಿ ರೋಡ್‌ಕಿಂಗ್‌ಗೆ ಯಾವ ಇಗ್ನಿಷನ್: ಪಾಯಿಂಟ್, ಲೋಕಲ್ ಸಿಡಿಐ, ವೇಪ್

ಹಳೆ ಯೆಜ್ಡಿ ರೋಡ್‌ಕಿಂಗ್ ಬೈಕಿನ ಎಂಜಿನ್ ಪೂರ್ತಿ ಬಿಚ್ಚಿ ಕೂರಿಸುವವರಿಗೆ ನಾನು ಹೇಳುವುದು ಇಷ್ಟೇ: ಪ್ಲಗ್ಗಿಗೆ ಕಿಡಿ ಕೊಡಿಸಲು ಕಂಪನಿ ಕೊಟ್ಟ ಪಾಯಿಂಟ್ ಸೆಟ್ಟನ್ನೇ (ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್) ಇಟ್ಟುಕೊಳ್ಳಿ, ಆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಮಾತ್ರ ಎಂಜಿನ್‌ನಿಂದ ಆಚೆಗೆ ತನ್ನಿ. ನನ್ನದು 6 ವೋಲ್ಟಿನ ಗಾಡಿ. ಮೈಸೂರಿನಿಂದ ಮಂಡ್ಯಕ್ಕೆ ಅದರಲ್ಲೇ ಕೆಲಸಕ್ಕೆ ಹೋಗಿಬರುತ್ತೇನೆ. ಹೈವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವೀಸ್ ರಸ್ತೆಯೇ ಗತಿ. ಹಾಗಾಗಿ ಗಾಡಿ ಎಷ್ಟು ಜೋರಾಗಿ ಓಡುತ್ತದೆ ಅನ್ನುವುದಕ್ಕಿಂತ, ಕತ್ತಲಾದ ಮೇಲೆ ನಿಂತರೆ ಅಲ್ಲೇ ರಿಪೇರಿ ಆಗುತ್ತದೋ ಇಲ್ಲವೋ ಅನ್ನುವುದು ನನಗೆ ಮುಖ್ಯ.

ಮೊದಲು ಹಾಕಿಸಿದ್ದು ಲೋಕಲ್ ಸಿಡಿಐ ಕಿಟ್, ಅಂದರೆ ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್. 12 ವೋಲ್ಟ್, ಬ್ಯಾಟರಿ ಇಳಿದರೂ ಕಿಡಿ ಬರುತ್ತದೆ, ಪಾಯಿಂಟ್ ಉಜ್ಜುವ ಕೆಲಸವಿಲ್ಲ. ಬೆಳಿಗ್ಗೆ ಅರ್ಧ ಕಿಕ್ಕಿಗೇ ಸ್ಟಾರ್ಟ್. ಶ್ರೀರಂಗಪಟ್ಟಣ ದಾಟಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಶುರುವಾಗುತ್ತಿತ್ತು ಆಟ. ಒಂದೆರಡು ಸಲ ಮುಗ್ಗರಿಸಿದಂತೆ ಆಗಿ ಗಾಡಿ ಆಫ್. ಪ್ಲಗ್ ಬಿಚ್ಚಿ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದರೆ ಕಿಡಿಯೇ ಇಲ್ಲ. ಟೀ ಕುಡಿದು ಬರುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗಿ, ಯಲಿಯೂರಿನ ಹತ್ತಿರ ಮತ್ತೆ ನಿಲ್ಲುತ್ತಿತ್ತು.

ಮಾರಿದವರ ಹತ್ತಿರ ಹೋದರೆ ಟೇಬಲ್ ಮೇಲಿಟ್ಟು ಚೆಕ್ ಮಾಡಿ "ಓಕೆ ಇದೆ ಸಾರ್" ಅನ್ನುತ್ತಿದ್ದರು. ಓಕೆ ಇರದೆ ಇನ್ನೇನು, ತಣ್ಣಗಿದೆಯಲ್ಲ! ಕೊನೆಗೆ ಮನೆಯಲ್ಲೇ ಪಿಕಪ್ ಕಾಯಿಲ್‌ನ (ಯಾವಾಗ ಕಿಡಿ ಬಿಡಬೇಕೆಂದು ಸಿಡಿಐಗೆ ತಿಳಿಸುವ ಸುರುಳಿ) ಎರಡು ವೈರಿಗೆ ಮಲ್ಟಿಮೀಟರ್ ಸಿಕ್ಕಿಸಿ, ಹೇರ್ ಡ್ರೈಯರ್‌ನಿಂದ ಬಿಸಿ ಗಾಳಿ ಬಿಟ್ಟೆ. ಓಮ್ಸ್ ನಿಧಾನಕ್ಕೆ ಏರುತ್ತಾ ಹೋಗಿ, ಇದ್ದಕ್ಕಿದ್ದಂತೆ ಮೀಟರಿನಲ್ಲಿ ಅಂಕಿಯೇ ಮಾಯ. ಒಳಗಿನ ತಂತಿ ಬಿಸಿಗೆ ಹಿಗ್ಗಿ ಎಲ್ಲೋ ಬಿಟ್ಟುಕೊಳ್ಳುತ್ತಿತ್ತು. ತಣ್ಣಗಾದಂತೆ ಮತ್ತೆ ಕೂಡಿಕೊಳ್ಳುತ್ತಿತ್ತು. ಬದಲಿಸಿಕೊಟ್ಟ ಕಾಯಿಲ್‌ಗೂ ಅದೇ ರೋಗ. ಹೊಸ ಕಿಟ್ ಕೊಳ್ಳುವವರು ಈ ಬಿಸಿಗಾಳಿ ಪರೀಕ್ಷೆ ಮಾಡದೆ ಫಿಟ್ ಮಾಡಿಸಬೇಡಿ.

ವೇಪ್ ಕಂಪನಿಯ ಕಿಟ್ ಕೂಡ ಎಲೆಕ್ಟ್ರಾನಿಕ್ಕೇ, ಆದರೆ ಬೇರೆಯದೇ ದರ್ಜೆ. ಜೆಕ್ ದೇಶದ ಮಾಲು, ಜಾವಾ ಹುಟ್ಟಿದ ನೆಲದ್ದು. ಕುವೆಂಪುನಗರದ ಗೆಳೆಯನ ಗಾಡಿಯಲ್ಲಿದೆ, ಚಾಮುಂಡಿ ಬೆಟ್ಟ ಹತ್ತಿಸಿ ಇಳಿಸಿ ನೋಡಿದ್ದೇನೆ: ಐಡ್ಲಿಂಗ್ ಅಲುಗಾಡುವುದಿಲ್ಲ, ಹೆಡ್‌ಲೈಟ್ ನಿಜಕ್ಕೂ ರಸ್ತೆ ತೋರಿಸುತ್ತದೆ. ಆದರೆ ಅದರ ಬೆಲೆಯಲ್ಲಿ ನನ್ನ ಸಿಲಿಂಡರ್ ಬೋರಿಂಗ್, ಪಿಸ್ಟನ್, ಬೇರಿಂಗ್ ಖರ್ಚಿನ ದೊಡ್ಡ ಪಾಲು ಮುಗಿಯುತ್ತದೆ. ಅದರ ಸ್ಟೇಟರ್ (ಕರೆಂಟ್ ಹುಟ್ಟಿಸುವ ಕಾಯಿಲ್‌ಗಳ ತಟ್ಟೆ) ಹೋದರೆ ಮಂಡ್ಯದ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇನ್ನು ಪಾಯಿಂಟ್, ನಾನು ವಾಪಸ್ ಬಂದದ್ದು ಇದಕ್ಕೇ. ಇದಕ್ಕೆ ಕೆಟ್ಟ ಹೆಸರು ತಂದದ್ದು ಹೆಚ್ಚಿನ ಪಾಲು ಕಂಡೆನ್ಸರ್. ಡೈನಮೋ ಕವರಿನೊಳಗೆ, ಕ್ರ್ಯಾಂಕಿನ ಪಕ್ಕದಲ್ಲೇ ಕೂತು ಬೇಯುತ್ತದೆ. ಅದು ಸೋತರೆ ಪಾಯಿಂಟಿನ ಮಧ್ಯೆ ಕಿಡಿ ಜೋರಾಗಿ ಹಾರಿ ತುದಿಗಳು ಸುಟ್ಟು ಗುಳಿ ಬೀಳುತ್ತವೆ, ಪ್ಲಗ್ಗಿನ ಕಿಡಿ ಸಣ್ಣದಾಗುತ್ತದೆ. ಯೆಜ್ಡಿ ತಯಾರಿಸುತ್ತಿದ್ದ, ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಅಲ್ಲಿದ್ದ ಮೇಸ್ತ್ರಿಯೊಬ್ಬರು, "ಅದ್ಯಾಕೆ ಒಳಗೆ ಬೇಯ್ತಾ ಕೂರಬೇಕು ಸ್ವಾಮಿ, ಆಚೆಗೆ ತಂದ್ಬಿಡಿ" ಅಂತ ಕಂಡೆನ್ಸರನ್ನು ಇಗ್ನಿಷನ್ ಕಾಯಿಲ್ ಪಕ್ಕಕ್ಕೆ ತಂದು, ಫ್ರೇಮಿಗೆ ಸರಿಯಾಗಿ ಅರ್ತ್ ಕೊಟ್ಟು ಕೂರಿಸಿದರು. ಬ್ಯಾಟರಿ ಚಾರ್ಜಿಂಗ್ ನೋಡಿಕೊಳ್ಳುವ ಹಳೆ ಕಟ್‌ಔಟ್ ತೆಗೆದು ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿದರು. ಅಲ್ಲಿಂದ ಈಚೆಗೆ ಬಿಸಿಗೆ ನಿಲ್ಲುವುದು ನಿಂತಿದೆ.

ಬೆಳಕು ಈಗಲೂ ಮಂಕು, ಒಪ್ಪುತ್ತೇನೆ. ಬ್ಯಾಟರಿ ಚಾರ್ಜ್ ಮೇಲೆ ಕಣ್ಣಿಟ್ಟಿರಬೇಕು, ಕಿಡಿಗೆ ಅದೇ ಆಧಾರ.

ಉಳಿದ ಕಡೆ ಹೋಲಿಕೆ ಮಾಡುವಂಥದ್ದಿಲ್ಲ. ಕ್ರ್ಯಾಂಕ್ ಬೇರಿಂಗ್ ಒಳ್ಳೆ ಕಂಪನಿಯದು, ಸಿ3 ಗುರುತಿನದೇ (ಒಳಗೆ ತುಸು ಹೆಚ್ಚು ಸಡಿಲ ಇರುವುದು) ಇರಲಿ. ಆಯಿಲ್ ಸೀಲ್ ವಿಟಾನ್ (ಬಿಸಿ ತಡೆಯುವ ರಬ್ಬರ್) ಹಾಕಿಸಿ: ಡೈನಮೋ ಕಡೆಯ ಸೀಲ್ ಗಾಳಿ ಎಳೆದರೆ ಮಿಕ್ಸ್ಚರ್‌ನಲ್ಲಿ ಪೆಟ್ರೋಲ್ ಪಾಲು ಕಮ್ಮಿಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಸುಟ್ಟು ಬೀದಿ ತುಂಬ ಹೊಗೆ.

ರಾತ್ರಿ ದೂರ ಓಡಿಸುವ, ಕೈಯಲ್ಲಿ ಕಾಸಿರುವ, ಮನೆಯಲ್ಲಿ ಇನ್ನೊಂದು ಗಾಡಿ ಇರುವವರು ಧಾರಾಳವಾಗಿ ವೇಪ್ ಹಾಕಿಸಿ. ನನ್ನಂತೆ ಒಂದೇ ಗಾಡಿಯಲ್ಲಿ ಸಂಬಳಕ್ಕೆ ಓಡುವವರು ಪಾಯಿಂಟ್ ಸೆಟ್, ಕಂಡೆನ್ಸರ್, ಪಾಯಿಂಟಿನ ಸಂದು ಅಳೆಯುವ ಫೀಲರ್ ಗೇಜ್, ಸ್ಕ್ರೂಡ್ರೈವರ್ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡರೆ ಸಾಕು. ಮಿಕ್ಕ ದುಡ್ಡು ಬೋರಿಂಗಿಗೆ ಹಾಕಿ.