ಬೀಳುವಾಗ ಮಾರೋದಾ, ಬಿದ್ದಾಗ ಕೊಳ್ಳೋದಾ?

ನಿಫ್ಟಿ (50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಊಹಿಸಿ ಊಹಿಸಿ ಸಾಕಾಗಿತ್ತು. 2020ರ ಜನವರಿಯಲ್ಲಿ ಎರಡು ನಿಯಮ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಒಂದು ನನ್ನ ಡಿಮ್ಯಾಟ್ (ಷೇರು ಇಡುವ) ಖಾತೆಗೆ, ಇನ್ನೊಂದು ಹೆಂಡತಿಯ ಖಾತೆಗೆ. ಎರಡರಲ್ಲೂ ನಿಫ್ಟಿ ಬೀಸ್ ಮಾತ್ರ, ಅಂದ್ರೆ ನಿಫ್ಟಿಯನ್ನೇ ಹಿಂಬಾಲಿಸುವ, ಷೇರಿನಂತೆ ಕೊಂಡು ಮಾರಬಹುದಾದ ಫಂಡ್.

ನನ್ನದು ಸರಾಸರಿ ನಿಯಮ. ತಿಂಗಳ ಕೊನೆಯ ದಿನ ಮಾತ್ರ ನೋಡಬೇಕು. ನಿಫ್ಟಿ ತನ್ನ 200 ದಿನದ ಸರಾಸರಿಗಿಂತ (ಕಳೆದ 200 ವಹಿವಾಟು ದಿನಗಳ ಕೊನೆಯ ಬೆಲೆಗಳ ಸರಾಸರಿ) ಮೇಲಿದ್ದರೆ ಇಟ್ಟುಕೊಳ್ಳೋದು, ಕೆಳಗಿದ್ದರೆ ಪೂರ್ತಿ ಮಾರಿ ಲಿಕ್ವಿಡ್ ಫಂಡ್‌ಗೆ (ಅಲ್ಪಾವಧಿ ಸಾಲಪತ್ರಗಳ, ಕಡಿಮೆ ಅಪಾಯದ ಫಂಡ್) ಹಾಕೋದು. ಅವಳದು ಕುಸಿತದ ನಿಯಮ. ದುಡ್ಡನ್ನು ಐದು ಪಾಲು ಮಾಡಿ, ಗರಿಷ್ಠ ಮಟ್ಟದಿಂದ ಶೇ. 5 ಇಳಿದಾಗಲೆಲ್ಲ ಒಂದು ಪಾಲು ಕೊಳ್ಳೋದು. ದಿನದ ಕೊನೆಯ ಬೆಲೆಯೇ ಲೆಕ್ಕ.

ಫೆಬ್ರವರಿ 28ಕ್ಕೆ ನಾನು 11,200ರ ಆಸುಪಾಸಿನಲ್ಲಿ ಮಾರಿಬಿಟ್ಟೆ. ಮಾರ್ಚ್ 23ರಂದು ಲೋವರ್ ಸರ್ಕ್ಯೂಟ್ (ದಿನದ ಕುಸಿತಕ್ಕೆ ಹಾಕಿದ ಮಿತಿ) ಮುಟ್ಟಿ ವಹಿವಾಟು 45 ನಿಮಿಷ ನಿಂತಾಗ ನಾನು ಆರಾಮಾಗಿ ಕಾಫಿ ಕುಡಿಯುತ್ತಿದ್ದೆ. ಅಂದು ನಿಫ್ಟಿ ಮುಗಿದದ್ದು 7,610ಕ್ಕೆ. ಆದರೆ ನಿಯಮ ಮತ್ತೆ ‘ಕೊಳ್ಳು’ ಅಂದಿದ್ದು ಜುಲೈ ಕೊನೆಗೆ, 11,073ರಲ್ಲಿ! ಮಾರಿದ್ದೂ ಹೆಚ್ಚುಕಡಿಮೆ ಅಲ್ಲೇ, ಕೊಂಡಿದ್ದೂ ಅಲ್ಲೇ. ಉಳಿದದ್ದು ಒಳ್ಳೆ ನಿದ್ದೆ ಮಾತ್ರ.

ಹೆಂಡತಿಯ ಖಾತೆಯ ಕಥೆ ಬೇರೆ. ಜನವರಿಯ ಗರಿಷ್ಠ ಮುಕ್ತಾಯ 12,362. ಐದನೇ ಪಾಲಿನ ಗೆರೆ ಅದಕ್ಕಿಂತ ಶೇ. 25 ಕೆಳಗೆ, 9,272. ಮಾರ್ಚ್ 16ಕ್ಕೆ ಅದೂ ದಾಟಿತು. ಆರ್ಡರ್ ಹಾಕಬೇಕಾದವನು ನಾನೇ. ಬೆರಳು ಬಟನ್ ಮೇಲಿಟ್ಟು ಕೂತೆ, ಒತ್ತೋಕೆ ಧೈರ್ಯ ಬರಲಿಲ್ಲ. ‘ಬರೆದಿದ್ದೀರಲ್ವಾ, ಒತ್ತಿ’ ಅಂದಳು. ಮಧ್ಯಾಹ್ನ 3.25ಕ್ಕೆ, ಮಾರುಕಟ್ಟೆ ಮುಚ್ಚೋ ಮೊದಲು ಒತ್ತಿದೆ. ಒಂದು ವಾರ ಕಳೆದು 7,610 ಬಂದಾಗ ಕೈಯಲ್ಲಿ ದುಡ್ಡೇ ಇರಲಿಲ್ಲ. ಆದರೂ ವರ್ಷದ ಕೊನೆಗೆ ನನಗಿಂತ ಅವಳೇ ಎಷ್ಟೋ ಮುಂದಿದ್ದಳು.

ಹಾಗಂತ ಕುಸಿತದ ನಿಯಮವೇ ಸರಿ ಅನ್ನೋಕಾಗಲ್ಲ. 2021ರ ಮೇನಿಂದ ಅಕ್ಟೋಬರ್‌ವರೆಗೆ ನಿಫ್ಟಿ 14,600ರಿಂದ 18,400 ದಾಟಿತು. ನಡುವೆ ಶೇ. 5ರ ಕುಸಿತ ಒಂದೂ ಇಲ್ಲ. ಆಗ ಅವಳ ಖಾತೆಗೆ ಕೂಡಿಟ್ಟ ಹೊಸ ದುಡ್ಡೆಲ್ಲ ಸುಮ್ನೆ ಕೂತಿತ್ತು. ಅದೇ ಹೊತ್ತಿನಲ್ಲಿ ನನ್ನ ಸರಾಸರಿ ನಿಯಮ ಒಂದು ಮಾತೂ ಆಡದೆ ದುಡ್ಡು ಬೆಳೆಸಿತು.

ಈಗ ನನ್ನ ಖಾತೆಗೂ ಅವಳ ನಿಯಮವೇ, ಸ್ವಲ್ಪ ತಿದ್ದಿ. ಕೊನೆಯ ಎರಡು ಪಾಲಿನ ಗೆರೆ ಶೇ. 30 ಮತ್ತು 38. ಮೂರು ತಿಂಗಳು ಕುಸಿತ ಬರದಿದ್ದರೆ ಒಂದು ಪಾಲು ಹೇಗಿದ್ದರೂ ಒಳಗೆ. ಬಟನ್ ಒತ್ತೋದು ಮಾತ್ರ ಅವಳು.