ಚಿಕ್ಕಮ್ಮನ ಬೀಗದ ಗೊಂಚಲಲ್ಲಿ ಸಂತ ಅಲ್ಫೋನ್ಸಾ: ಹೇಳಿ ಮಾಡಿಸಿದ ಪದಕ ಎಷ್ಟು ಬಾಳಿಕೆ ಬರುತ್ತೆ?

ಮುಂದೆ ನಾವು ಹೇಳಿದ ಸಂತರ ಚಿತ್ರ, ಹಿಂದೆ ನಾವು ಬರೆಸಿದ ಅಕ್ಷರ. ಇಂಥ ಪದಕಗಳನ್ನು ಆನ್‌ಲೈನಿನಲ್ಲಿ ಈಗ ಸುಮಾರು ಜನ ಮಾಡಿಕೊಡುತ್ತಾರೆ. ನಾನು ತರಿಸಿದ್ದು ಮೂರು ಥರದ್ದು: ಸ್ಟೀಲ್, ಬೆಳ್ಳಿ, ಮತ್ತೆ ಬಣ್ಣದ ಚಿತ್ರ ಕೂರಿಸಿದ್ದು. ವರ್ಷಗಟ್ಟಲೆ ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಸ್ಟೀಲಿನದು ನಮ್ಮ ಚಿಕ್ಕಮ್ಮನಿಗೆ. ಅವರು ಸಿಸ್ಟರ್, ಅಂದರೆ ಕ್ರೈಸ್ತ ಸನ್ಯಾಸಿನಿ, ಮಂಡ್ಯದ ಒಂದು ಕಾನ್ವೆಂಟ್ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ. ವ್ರತ ತೆಗೆದುಕೊಂಡು 25 ವರ್ಷ ತುಂಬಿದಾಗ ಬೆಳ್ಳಿಯದೇ ಕೊಡೋಣ ಅಂತ ಮನೆಯವರೆಲ್ಲ ಅಂದುಕೊಂಡಿದ್ದೆವು. "ಬಡತನದ ವ್ರತ ತಗೊಂಡವಳಿಗೆ ಬೆಳ್ಳಿ ಯಾಕೋ? ಕೊಡೋದಾದ್ರೆ ಸ್ಟೀಲಿನದು ಕೊಡು" ಅಂದರು. ಕೊರಳಿಗೂ ಬೇಡವಂತೆ, ಅಲ್ಲಿ ಅವರ ಸಭೆಯ (ಸನ್ಯಾಸಿನಿಯರ ಸಂಘದ) ಶಿಲುಬೆ ಮಾತ್ರ. ಸಿಸ್ಟರ್‌ಗಳಿಗೆ ಉಡುಗೊರೆ ಕೊಡುವವರು ಇದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಒಂದೊಂದು ಸಭೆಯ ನಿಯಮ ಒಂದೊಂದು ಥರ. ಮೇಲಿನವರ ಅನುಮತಿ ಪಡೆದು ಚಿಕ್ಕಮ್ಮ ಅದನ್ನು ಬೀರುಗಳ ಬೀಗದ ಗೊಂಚಲಿಗೆ ಸಿಕ್ಕಿಸಿಕೊಂಡರು.

ಯಾವ ಸಂತರು ಅನ್ನುವುದನ್ನೂ ಅವರೇ ಹೇಳಿದ್ದು. ಅಂಗಡಿಯವರು ಶಿಕ್ಷಕರಿಗೆ ಅಂತ ತೋರಿಸಿದ್ದು ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಅವರನ್ನು. ಅದು ಸರಿಯೇ, 1950ರಲ್ಲಿ ಹನ್ನೆರಡನೇ ಪಯಸ್ ಪೋಪರು ಅವರನ್ನು ಶಿಕ್ಷಕರ ಪಾಲಕ ಸಂತ ಎಂದು ಸಾರಿದ್ದಾರೆ. ನಾನು ಮದರ್ ತೆರೇಸಾ ಅಂದೆ. ಅವರೂ ಮೊದಲು ಟೀಚರೇ ಅಲ್ವಾ? ಕಲ್ಕತ್ತೆಯ ಎಂಟಲ್ಲಿಯ ಸೇಂಟ್ ಮೇರೀಸ್ ಶಾಲೆಯಲ್ಲಿ ಪಾಠ ಮಾಡಿ, 1944ರಲ್ಲಿ ಮುಖ್ಯೋಪಾಧ್ಯಾಯಿನಿಯಾದವರು. ಚಿಕ್ಕಮ್ಮನ ಮನಸ್ಸು ಮಾತ್ರ ಅಲ್ಫೋನ್ಸಮ್ಮನ ಕಡೆ. ಕೇರಳದ ವಾಕಕ್ಕಾಡ್ ಶಾಲೆಯಲ್ಲಿ 1932ರಲ್ಲಿ ಮಕ್ಕಳಿಗೆ ಪಾಠ ಹೇಳಲು ಹೋದವರು ಅವರು. ಕಾಯಿಲೆ ಅವರನ್ನು ತರಗತಿಯಲ್ಲಿ ನಿಲ್ಲಲು ಬಿಡಲಿಲ್ಲ. 1946ರಲ್ಲಿ ತೀರಿಕೊಂಡಾಗ ಇನ್ನೂ 36 ತುಂಬಿರಲಿಲ್ಲ. 2008ರಲ್ಲಿ ಸಂತ ಪದವಿ ಸಿಕ್ಕಿತು. "ಪಾಠ ಮಾಡೋ ಆಸೆ ಇದ್ದೂ ಮಾಡೋಕೆ ಆಗದೇ ಹೋದವರು. ನನಗೆ ಆರೋಗ್ಯ ಕೊಟ್ಟಿದ್ದಾನೆ ದೇವರು. ಬೆಳಗ್ಗೆ ಬೀಗ ತೆಗೆಯುವಾಗ ಅವರ ನೆನಪಾಗಬೇಕು" ಅಂದರು ಚಿಕ್ಕಮ್ಮ. ಆಮೇಲೆ ನಾನು ಬೇರೆ ಮಾತಾಡಲಿಲ್ಲ.

ಈಗ ಕೆಲಸದ ವಿಷಯ. ಬಣ್ಣವಿಲ್ಲದ ಪದಕದಲ್ಲಿ ತಲೆಗೆ ಮುಸುಕು ಹಾಕಿದ ಸಿಸ್ಟರ್‌ಗಳೆಲ್ಲ ಒಂದೇ ಥರ ಕಾಣುತ್ತಾರೆ. ಮದರ್ ತೆರೇಸಾ ಸೀರೆಯ ನೀಲಿ ಅಂಚು ಕೂಡ ಬರೀ ಗೆರೆಯಾಗಿಬಿಡುತ್ತೆ. ಹಾಗಾಗಿ ಹೆಸರು ಬರೆಸಲೇಬೇಕು.

ಎಡವಟ್ಟಾಗಿದ್ದು ಅಲ್ಲೇ. ಹಿಂಬದಿಗೆ "ಸಂತ ಅಲ್ಫೋನ್ಸಾ, ನಮಗಾಗಿ ಪ್ರಾರ್ಥಿಸಿ" ಅಂತ ಸರಿಯಾಗಿ ಟೈಪ್ ಮಾಡಿ ಕಳಿಸಿದ್ದೆ. ಕೊರೆದು ಬಂದಿದ್ದರಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿ. 'ಪ್ರಾ' ಇರಬೇಕಾದ ಕಡೆ 'ಪ್' ಒಂದು ಕಡೆ, 'ರಾ' ಪಕ್ಕದಲ್ಲಿ. 'ರ್ಥಿ'ಯ ಅರ್ಕಾವತ್ತು ಮಾಯ. ಪ್ರಾರ್ಥನೆಯ ಸಾಲು ಹೀಗೆ ಮುರಿದು ಬಿದ್ದಿದ್ದು ನೋಡಿ ನಿಜಕ್ಕೂ ಸಂಕಟವಾಯಿತು. ಅವರ ಯಂತ್ರದ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರುವುದಿಲ್ಲ. ಅದನ್ನು ಅವರು ಒಪ್ಪಿಕೊಳ್ಳಲು ಬಹಳ ಸತಾಯಿಸಿದರು. ಕೊನೆಗೆ ದುಡ್ಡು ತಗೊಳ್ಳದೆ ಇನ್ನೊಂದು ಮಾಡಿಕೊಟ್ಟರು. ಅಕ್ಷರವನ್ನು ಚಿತ್ರ ಮಾಡಿ ಕಳಿಸಿ, ಕೊರೆಯುವ ಮೊದಲು ಮಾದರಿ ತರಿಸಿ ನೋಡಿ. ಪದಕ ತೀರಾ ಚಿಕ್ಕದಾದರೆ ಒತ್ತುಗಳು ತುಂಬಿಕೊಂಡು ಓದಲು ಬರಲ್ಲ. 25 ಮಿಲಿಮೀಟರ್ ಇದ್ದರೆ ಚೆನ್ನ.

ಬಾಳಿಕೆಯಲ್ಲಿ ಸ್ಟೀಲಿಗೆ ಪೂರ್ತಿ ಅಂಕ. ಚಾಕ್ ಪುಡಿ, ಬೆವರು, ದಿನವಿಡೀ ಬೀಗದ ಕೈಗಳ ಜೊತೆ ತಿಕ್ಕಾಟ. ಅಲ್ಫೋನ್ಸಮ್ಮನ ಮೂಗಿನ ತುದಿ ಸ್ವಲ್ಪ ಸವೆದು ಹೊಳೆಯುತ್ತಿದೆ, ಸುತ್ತ ಸಣ್ಣ ಗೀರುಗಳಿವೆ. ಅಕ್ಷರ ಮಾತ್ರ ಇವತ್ತಿಗೂ ಬೆರಳಿಗೆ ಸಿಗುತ್ತೆ, ಏಕೆಂದರೆ ಆಳವಾಗಿ ಕೊರೆಸಿದ್ದೆ. ಲೇಸರಿನಲ್ಲಿ ಮೇಲೆ ಮೇಲೆ ಕಪ್ಪು ಮಾಡಿಕೊಡುವುದು ಅಗ್ಗ, ಆದರೆ ಇಂಥ ಬಳಕೆಗೆ ಬೇಡ. ಮೇಲಿನ ಸಣ್ಣ ರಿಂಗು ಬಾಯಿಬಿಟ್ಟಿತ್ತು. ಅದನ್ನು ತೆಗೆದು ಕೀ ಚೈನಿನ ಸುತ್ತು ರಿಂಗು ಹಾಕಿಕೊಟ್ಟೆ.

ಬೆಳ್ಳಿಯದು ನನ್ನ ಮಗಳ ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಚರ್ಚಿನಲ್ಲಿ ಮೊದಲ ಸಲ ಪ್ರಸಾದ ತಗೊಳ್ಳುವ ದಿನಕ್ಕೆ, ಮಾಡಿಸಿದ್ದು. ನೋಡಲು ಇದೇ ಎಲ್ಲಕ್ಕಿಂತ ಚೆಂದ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ಫಾದರ್ ಹತ್ತಿರ ಆಶೀರ್ವಾದ ಮಾಡಿಸಿ ಹಾಕಿದೆವು. ಬೆವರಿಗೆ, ಗಾಳಿಗೆ ಕಪ್ಪಾಗುತ್ತೆ. ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಮುಳುಗಿಸಿದರೆ ಬೆಳ್ಳಗಾಗುತ್ತೆ. ಆದರೆ ಚಿತ್ರ ಎದ್ದು ಕಾಣಲಿ ಅಂತ ಸಂದಿಗಳಲ್ಲಿ ಬೇಕಂತಲೇ ಕಪ್ಪು ಬಿಟ್ಟಿದ್ದರೆ ಅದೂ ಹೋಗುತ್ತೆ, ಅಂಥದ್ದನ್ನು ಬಟ್ಟೆಯಲ್ಲಿ ಒರೆಸಿದರೆ ಸಾಕು. ಇದರ ರಿಂಗಿಗೆ ಅಶೋಕ ರಸ್ತೆಯ ಅಕ್ಕಸಾಲಿಗರ ಹತ್ತಿರ ಬೆಸುಗೆ ಹಾಕಿಸಿದೆ.

ಬಣ್ಣದ್ದು ಬೇಡ. ನೀರು ಒಳಗೆ ಇಳಿದು ಚಿತ್ರ ಉಬ್ಬಿತು. ಅದಕ್ಕಿಂತ ಮೈಸೂರು ಜಿಲ್ಲೆಯ ದೋರನಹಳ್ಳಿ ಚರ್ಚಿನ ಹಬ್ಬದಲ್ಲಿ ಸಿಗುವ ಸಂತ ಅಂತೋಣಿಯವರ ಸಾದಾ ಪದಕವೇ ವಾಸಿ. ಹಾಳಾದರೂ ಕಸಕ್ಕೆ ಹಾಕಬೇಡಿ, ಆಶೀರ್ವಾದ ಮಾಡಿಸಿದ್ದು. ನಮ್ಮದನ್ನು ಹಿತ್ತಲಲ್ಲಿ ಹೂತೆವು.

ಅಲ್ಫೋನ್ಸಮ್ಮನ ಹಬ್ಬ ಜುಲೈ 28. ಆ ದಿನಕ್ಕೆ ಕೊಡಬೇಕು ಅನ್ನುವವರು ಜೂನ್ ಮೊದಲ ವಾರವೇ ಹೇಳಿಬಿಡಿ. ಕನ್ನಡ ಅಕ್ಷರ ತಿದ್ದಿಸುವುದಕ್ಕೇ ಸಾಕಷ್ಟು ದಿನ ಹಿಡಿಯುತ್ತೆ.