ನಾಲ್ಕನೇ ಎಚ್‌ಎಲ್ ಬೇಕಿರಲಿಲ್ಲ: ಐಬಿ ಡಿಪ್ಲೊಮಾ ಬಗ್ಗೆ ಒಬ್ಬ ಅಪ್ಪನ ಅನುಭವ

ಮಗಳ ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಡಿಪ್ಲೊಮಾ ಮುಗಿಯಿತು. ಎರಡು ವರ್ಷ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಕೋರ್ಸಿಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ವಿಷಯ ಆರಿಸುವಾಗ ಶಾಲೆಯಲ್ಲಿ ಸಿಕ್ಕ ಸಲಹೆಗೆ ಮಾತ್ರ ಎರಡೇ ಸ್ಟಾರ್. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಆ ಫಾರ್ಮ್ ಮುಂದೆ ಇಟ್ಟುಕೊಂಡು ಯಾವುದಕ್ಕೆ ಟಿಕ್ ಹಾಕಲಿ ಅಂತ ನಿದ್ದೆಗೆಟ್ಟಿರುವ ಮಕ್ಕಳು, ಅಪ್ಪ ಅಮ್ಮಂದಿರು ಈಗಲೂ ಎಷ್ಟೋ ಜನ ಇರುತ್ತಾರೆ.

ಮೊದಲು ಇದರ ಲೆಕ್ಕ. ಹೈಸ್ಕೂಲಿನ ಕೊನೆಯ ಎರಡು ವರ್ಷದ ಕೋರ್ಸ್ ಇದು. ಇದನ್ನು ನಡೆಸುವುದು 1968ರಲ್ಲಿ ಜಿನೀವಾದಲ್ಲಿ ಶುರುವಾದ ಸಂಸ್ಥೆ, ಇವತ್ತು ಎಷ್ಟೋ ದೇಶಗಳಲ್ಲಿ ಇದೇ ಕೋರ್ಸ್ ನಡೆಯುತ್ತದೆ. ಒಟ್ಟು ಆರು ವಿಷಯ. ಚೆನ್ನಾಗಿ ಬರುವ ಭಾಷೆಯ ಸಾಹಿತ್ಯ ಒಂದು, ಕಲಿಯುವ ಎರಡನೇ ಭಾಷೆ ಒಂದು, ಇತಿಹಾಸ ಅಥವಾ ಎಕನಾಮಿಕ್ಸ್ ತರದ್ದು ಒಂದು, ವಿಜ್ಞಾನ ಒಂದು, ಗಣಿತ, ಆಮೇಲೆ ಕಲೆ. ಕಲೆ ಬೇಡ ಅನ್ನುವವರು ಅದರ ಜಾಗದಲ್ಲಿ ಇನ್ನೊಂದು ವಿಜ್ಞಾನ ತೆಗೆದುಕೊಳ್ಳಬಹುದು. ಆರರಲ್ಲಿ ಮೂರು ಹೈಯರ್ ಲೆವೆಲ್, ಅಂದರೆ ಎಚ್‌ಎಲ್. ಉಳಿದ ಮೂರು ಸ್ಟ್ಯಾಂಡರ್ಡ್ ಲೆವೆಲ್, ಎಸ್‌ಎಲ್. ಎಚ್‌ಎಲ್‌ಗೆ 240 ಗಂಟೆ ಪಾಠ, ಎಸ್‌ಎಲ್‌ಗೆ 150 ಗಂಟೆ. ಬೇಕೆಂದವರಿಗೆ ನಾಲ್ಕು ಎಚ್‌ಎಲ್ ತೆಗೆದುಕೊಳ್ಳಲೂ ಬಿಡುತ್ತಾರೆ. ನಾವು ಎಡವಿದ್ದು ಇಲ್ಲೇ.

ಮಗಳಿಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವ ಆಸೆ. ಹಾಗಾಗಿ ಫಿಸಿಕ್ಸ್ ಎಚ್‌ಎಲ್, ಗಣಿತ ಎಚ್‌ಎಲ್ ಎರಡೂ ಬೇಕೇ ಬೇಕು. ಕೆಮಿಸ್ಟ್ರಿ ಅವಳಿಗೆ ಇಷ್ಟ, ಅದೂ ಎಚ್‌ಎಲ್. ಇಲ್ಲಿಗೆ ಮೂರಾಯಿತು. ಶಾಲೆಯಲ್ಲಿ ವಿಷಯ ಆರಿಸಲು ಸಹಾಯ ಮಾಡುವ ಸಲಹೆಗಾರರು ಇಪ್ಪತ್ತು ನಿಮಿಷ ಮಾತಾಡಿದರು. ಅವಳ ಹಳೆಯ ಮಾರ್ಕ್ಸ್ ನೋಡಿ, "ಇಷ್ಟು ಚೆನ್ನಾಗಿ ಓದುವ ಹುಡುಗಿ, ಎಕನಾಮಿಕ್ಸ್ ಕೂಡ ಎಚ್‌ಎಲ್ ಹಾಕಿಬಿಡಿ, ಯೂನಿವರ್ಸಿಟಿಯವರು ನೋಡ್ತಾರೆ" ಅಂದರು. ದಿನಕ್ಕೆ ಎಷ್ಟು ಹೊತ್ತು ಓದುತ್ತೀಯ, ಎಷ್ಟು ಹೊತ್ತು ಮಲಗುತ್ತೀಯ ಅಂತ ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ. ಸಹಿ ಹಾಕಿ ಕೊಟ್ಟೆ.

ಅವತ್ತು ನನಗೆ ಯಾರಾದರೂ ಒಂದೇ ಒಂದು ವಿಷಯ ಹೇಳಿದ್ದರೆ ಸಾಕಿತ್ತು. ಐಬಿಯಲ್ಲಿ ಪ್ರತಿ ವಿಷಯಕ್ಕೂ 1ರಿಂದ 7ರವರೆಗೆ ಅಂಕ. ಆರು ವಿಷಯಕ್ಕೆ ಹೆಚ್ಚೆಂದರೆ 42, ಅದರ ಮೇಲೆ ಆರು ವಿಷಯದ ಹೊರಗಿನ ಕೆಲಸಕ್ಕೆ 3 ಸೇರಿ ಒಟ್ಟು 45. ಈ 45ರಲ್ಲಿ ಎಚ್‌ಎಲ್‌ನ 7ಕ್ಕೂ ಎಸ್‌ಎಲ್‌ನ 7ಕ್ಕೂ ಒಂದೇ ಬೆಲೆ. ನಾಲ್ಕನೇ ಎಚ್‌ಎಲ್ ತೆಗೆದುಕೊಂಡರೆ ಒಂದು ಅಂಕವೂ ಜಾಸ್ತಿ ಸಿಗುವುದಿಲ್ಲ. ಡಿಪ್ಲೊಮಾ ಕೈಗೆ ಬರಬೇಕಾದರೆ ಒಟ್ಟು 24 ಅಂಕದ ಜೊತೆಗೆ ಎಚ್‌ಎಲ್‌ಗಳಲ್ಲಿ ಕನಿಷ್ಠ 12 ಇರಬೇಕು ಅನ್ನುವ ನಿಯಮ ಇದೆ. ಆ 12 ಎಣಿಸುವಾಗಲೂ ನಾಲ್ಕು ಎಚ್‌ಎಲ್ ಇದ್ದವರದ್ದು ಚೆನ್ನಾಗಿ ಬಂದ ಮೂರನ್ನೇ ನೋಡುತ್ತಾರೆ. ಆದರೆ ಪಾಠದ ಗಂಟೆ ಮಾತ್ರ 1,170ರಿಂದ 1,260ಕ್ಕೆ ಏರುತ್ತದೆ. ತೊಂಬತ್ತು ಗಂಟೆ ಜಾಸ್ತಿ, ಅದೂ ಬರೀ ಕ್ಲಾಸಿನಲ್ಲಿ ಕೂರುವುದು, ಮನೆಯ ಓದು ಬೇರೆ.

ಅವಳು ವಾರದ ಟೈಮ್‌ಟೇಬಲ್ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದಳು. ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣ. ಫಿಸಿಕ್ಸ್ ನೀಲಿ, ಕೆಮಿಸ್ಟ್ರಿ ಕೆಂಪು, ಎಕನಾಮಿಕ್ಸ್ ಹಸಿರು. ಭಾನುವಾರ ಸಂಜೆಯ ಎರಡು ಗಂಟೆಗೆ ಬಣ್ಣ ಹಾಕದೆ ಬಿಟ್ಟು, ಒಳಗೆ ಪೆನ್ಸಿಲ್‌ನಲ್ಲಿ "ಸುಮ್ನೆ" ಅಂತ ಬರೆದಿದ್ದಳು. ಮೂರನೇ ತಿಂಗಳು ಒಂದು ದಿನ ಶರ್ಟ್ ತೆಗೆಯಲು ಹೋದವನು ನೋಡುತ್ತೇನೆ, ಆ ಚೌಕಕ್ಕೂ ಹಸಿರು ಬಳಿದಿದ್ದಾಳೆ. "ಸುಮ್ನೆ" ಅನ್ನುವುದು ಹಸಿರಿನ ಅಡಿಯಲ್ಲಿ ಇನ್ನೂ ಕಾಣುತ್ತಿತ್ತು. ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಅಷ್ಟರಲ್ಲಾಗಲೇ ಅವಳು ರಾತ್ರಿ ಒಂದು ಗಂಟೆಗೆ ಮುಂಚೆ ಮಲಗುವುದನ್ನು ಬಿಟ್ಟಿದ್ದಳು. ಗಣಿತದ ಟೆಸ್ಟ್‌ನಲ್ಲಿ ಅವಳಿಗೆ ಗೊತ್ತಿದ್ದ ಲೆಕ್ಕಗಳೇ ತಪ್ಪಾಗುತ್ತಿದ್ದವು.

"ಒಂದು ವಿಷಯ ಎಸ್‌ಎಲ್‌ಗೆ ಇಳಿಸೋಣ್ವಾ?" ಅಂತ ಕೇಳಿದೆ.

"ಅಪ್ಪಾ, ಬಿಟ್ಟುಬಿಟ್ಟೆ ಅಂತ ಅನ್ಸುತ್ತೆ" ಅಂದಳು. ಎರಡು ವಾರ ಬೇಕಾಯಿತು ಅವಳು ಒಪ್ಪಲು. ಐದನೇ ತಿಂಗಳಲ್ಲಿ ಎಕನಾಮಿಕ್ಸ್ ಎಸ್‌ಎಲ್ ಆಯಿತು.

ಇಳಿಸಿದರೆ ಏನು ಹೋಗುತ್ತದೆ, ಏನು ಉಳಿಯುತ್ತದೆ ಅನ್ನುವುದನ್ನೂ ಸರಿಯಾಗಿ ತಿಳಿದುಕೊಳ್ಳಿ. ಎಕನಾಮಿಕ್ಸ್‌ನಲ್ಲಿ ಎಚ್‌ಎಲ್‌ನವರಿಗೆ ಮೂರು ಪೇಪರ್, ಎಸ್‌ಎಲ್‌ಗೆ ಎರಡು. ಲೆಕ್ಕ ಜಾಸ್ತಿ ಇರುವ ಆ ಮೂರನೇ ಪೇಪರ್ ಹೋಯಿತು. ಎಚ್‌ಎಲ್‌ಗಷ್ಟೇ ಇರುವ ಪಾಠಗಳೂ ಹೋದವು. ಆದರೆ ಶಾಲೆಯಲ್ಲೇ ಮಾಡುವ ಇಂಟರ್ನಲ್ ಅಸೆಸ್‌ಮೆಂಟ್, ಎಲ್ಲರೂ ಐಎ ಅನ್ನುವುದು, ಅದು ಎರಡಕ್ಕೂ ಒಂದೇ. ತಲಾ 800 ಪದದ ಮೂರು ಬರಹ ಬರೆಯಲೇಬೇಕಿತ್ತು. ಭಾನುವಾರದ ಚೌಕ ಪ್ರತಿ ವಾರ ಅಲ್ಲದಿದ್ದರೂ ವಾರ ಬಿಟ್ಟು ವಾರ ಖಾಲಿ ಸಿಗಲು ಶುರುವಾಯಿತು.

ಎಷ್ಟು ಎಚ್‌ಎಲ್ ಅನ್ನುವುದರಷ್ಟೇ ಯಾವ ತರದ್ದು ಅನ್ನುವುದೂ ಮುಖ್ಯ. ಇತಿಹಾಸ, ಸಾಹಿತ್ಯ, ಎಕನಾಮಿಕ್ಸ್ ಮೂರನ್ನೂ ಎಚ್‌ಎಲ್ ಇಟ್ಟುಕೊಂಡರೆ ಮೂರೂ ಕಡೆ ರಾಶಿ ರಾಶಿ ಬರವಣಿಗೆ. ಎರಡು ವಿಜ್ಞಾನ ಇಟ್ಟುಕೊಂಡರೆ ಎರಡೂ ಕಡೆ ಪ್ರಯೋಗ, ಎರಡೂ ಕಡೆ 3,000 ಪದದವರೆಗಿನ ವರದಿ. ಗಣಿತದಲ್ಲಿ ಅನಾಲಿಸಿಸ್ ಅಂತ ಒಂದು ದಾರಿ, ಅಪ್ಲಿಕೇಷನ್ಸ್ ಅಂತ ಇನ್ನೊಂದು ದಾರಿ. ಎರಡನೆಯದು ಸುಲಭ ಅಂತ ಒಂದು ಮಾತು ಓಡಾಡುತ್ತಿರುತ್ತದೆ. ಅದರ ಎಲ್ಲಾ ಪೇಪರ್‌ಗೂ ಕ್ಯಾಲ್ಕ್ಯುಲೇಟರ್ ಬಿಡುತ್ತಾರೆ ನಿಜ, ಆದರೆ ಎಚ್‌ಎಲ್‌ಗೆ ಹೋದರೆ ಅಲ್ಲಿನ ಸ್ಟ್ಯಾಟಿಸ್ಟಿಕ್ಸ್, ಮಾಡೆಲಿಂಗ್ ಏನೂ ಹಗುರ ಅಲ್ಲ. ಸೇರುವ ಮುಂಚೆ ಯಾವ ಯೂನಿವರ್ಸಿಟಿ ಯಾವ ಗಣಿತ ಕೇಳುತ್ತದೆ ಅಂತ ಅವರ ಪುಟದಲ್ಲೇ ನೋಡಿಕೊಳ್ಳಿ. ಇನ್ನು ಭಾಷೆ. ಮೊದಲಿಂದ ಕಲಿಯುವವರಿಗೆ ಅಂತಲೇ ಅಬ್ ಇನಿಶಿಯೋ ಅನ್ನುವ ಕೋರ್ಸ್ ಇದೆ, ಎಸ್‌ಎಲ್‌ನಲ್ಲಿ ಮಾತ್ರ. ಮಗಳು ಅದರಲ್ಲಿ ಫ್ರೆಂಚ್ ತೆಗೆದುಕೊಂಡಳು. ಆರು ವಿಷಯಗಳಲ್ಲಿ ಅವಳು ನಗುನಗುತ್ತಾ ಹೋಂವರ್ಕ್ ಮಾಡಿದ್ದು ಅದೊಂದೇ!

ಆರು ವಿಷಯದ ಹೊರಗೂ ಕೆಲಸ ಇದೆ ಅನ್ನುವುದನ್ನು ಫಾರ್ಮ್ ತುಂಬುವಾಗ ಎಲ್ಲರೂ ಮರೆಯುತ್ತಾರೆ. ಥಿಯರಿ ಆಫ್ ನಾಲೆಜ್ ಅಂತ ಒಂದು, ನಮಗೆ ಗೊತ್ತಿರುವುದು ಹೇಗೆ ಗೊತ್ತಾಯಿತು ಅಂತ ಯೋಚಿಸುವ ಪಾಠ, ಅದಕ್ಕೆ 1,600 ಪದದ ಪ್ರಬಂಧ. ಕ್ಯಾಸ್ ಅಂತ ಇನ್ನೊಂದು, ಆಟ, ಕಲೆ, ಸೇವೆ ಎಲ್ಲಾ ಸೇರಿದ್ದು. ಅದಕ್ಕೆ ಅಂಕ ಇಲ್ಲ, ಆದರೆ ಮುಗಿಸದಿದ್ದರೆ ಡಿಪ್ಲೊಮಾ ಇಲ್ಲ. ಆಮೇಲೆ ತಾವೇ ಆರಿಸಿದ ಪ್ರಶ್ನೆಯ ಮೇಲೆ 4,000 ಪದದವರೆಗಿನ ಎಕ್ಸ್‌ಟೆಂಡೆಡ್ ಎಸ್ಸೆ. ಮಗಳ ಶಾಲೆಯಲ್ಲಿ ಎರಡನೇ ವರ್ಷ ಐದೇ ವಾರದೊಳಗೆ ಫಿಸಿಕ್ಸ್ ಐಎ, ಕೆಮಿಸ್ಟ್ರಿ ಐಎ, ಗಣಿತದ ಐಎ, ಈ ಎಸ್ಸೆ, ಆ ಪ್ರಬಂಧ ಎಲ್ಲದಕ್ಕೂ ಕೊನೆಯ ದಿನ ಇಟ್ಟಿದ್ದರು. ಟೀಚರ್‌ಗಳು ಒಟ್ಟಿಗೆ ಕೂತು ದಿನಾಂಕ ಹಂಚಿಕೊಳ್ಳಬಾರದಾ? ನಾವು ಕೆಲವು ಪೋಷಕರು ಹೋಗಿ ಕೇಳಿದ ಮೇಲೆ ಎರಡು ದಿನಾಂಕ ಮುಂದೆ ಹಾಕಿದರು. ನಾಲ್ಕನೇ ಎಚ್‌ಎಲ್ ಆ ಹೊತ್ತಿಗೂ ಇದ್ದಿದ್ದರೆ ಹೇಗಿರುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಭಯ ಆಗುತ್ತದೆ.

ಹಾಗಂತ ಕೋರ್ಸ್ ಬಗ್ಗೆ ನನಗೆ ಬೇಸರ ಇಲ್ಲ. ಆ ಎಸ್ಸೆ ಒಂದಕ್ಕೇ ನಾಲ್ಕು ಸ್ಟಾರ್ ಕೊಡಬಹುದು. ರಬ್ಬರ್ ಚೆಂಡು ಬಿಸಿ ಆದ ಹಾಗೆ ಪುಟಿಯುವ ಎತ್ತರ ಹೇಗೆ ಬದಲಾಗುತ್ತದೆ ಅಂತ ಅವಳು ಹಿಡಿದುಕೊಂಡಿದ್ದಳು. ಬಿಸಿ ನೀರಿನ ಬಕೆಟ್, ಥರ್ಮಾಮೀಟರ್, ಗೋಡೆಗೆ ಅಂಟಿಸಿದ ಅಳತೆ ಟೇಪ್, ನಿಧಾನ ಗತಿಯಲ್ಲಿ ವೀಡಿಯೊ ತೆಗೆಯಲು ನನ್ನ ಫೋನ್. ಚೆಂಡು ನೀರಿನಿಂದ ಹೊರಗೆ ಬಂದ ತಕ್ಷಣ ಬೀಳಿಸಬೇಕು, ಎರಡು ಸೆಕೆಂಡ್ ತಡವಾದರೆ ಆರುತ್ತದೆ ಅಂತ ನನಗೆ ಬೈಗುಳ. ಕೊನೆಗೆ ಬರೆದು ಮುಗಿಸಿದಾಗ 4,380 ಪದ. ಮಿತಿ ದಾಟಿದ್ದನ್ನು ಪರೀಕ್ಷಕರು ಓದುವುದೇ ಇಲ್ಲ. ನೆಲದ ಮೇಲೆ ಹಾಳೆ ಹರಡಿಕೊಂಡು ಪೆನ್ಸಿಲ್ ಹಿಡಿದು ಕೂತಳು. ಒಂದೊಂದು ಪದ ಹೊಡೆದುಹಾಕಿದಳು, ಸಾಲಲಿಲ್ಲ. ಕೊನೆಗೆ ತನಗೆ ತುಂಬಾ ಇಷ್ಟವಾಗಿದ್ದ ಒಂದು ಇಡೀ ಪ್ಯಾರಾ ತೆಗೆದಳು. "ಇದು ಚೆನ್ನಾಗಿದೆ, ಆದ್ರೆ ಇಲ್ಲಿಗೆ ಬೇಕಾಗಿಲ್ಲ" ಅಂತ ತನಗೆ ತಾನೇ ಹೇಳಿಕೊಂಡಳು. ಹದಿನೇಳು ವರ್ಷಕ್ಕೆ ಇದನ್ನು ಕಲಿಸುವ ಕೋರ್ಸ್ ನಾನು ಬೇರೆ ನೋಡಿಲ್ಲ.

ಕೊನೆಗೆ ಬಂದಿದ್ದು 38. ಫಿಸಿಕ್ಸ್ 6, ಕೆಮಿಸ್ಟ್ರಿ 6, ಗಣಿತ 5, ಇಂಗ್ಲಿಷ್ 6, ಫ್ರೆಂಚ್ 6, ಇಳಿಸಿದ ಎಕನಾಮಿಕ್ಸ್‌ನಲ್ಲಿ 7. ಎಸ್ಸೆ ಮತ್ತು ಥಿಯರಿ ಆಫ್ ನಾಲೆಜ್ ಸೇರಿ 2. ಅವಳಿಗೆ ಬೇಕಿದ್ದ ಸೀಟು ಸಿಕ್ಕಿತು. ಅಲ್ಲಿಯವರು ಕೇಳಿದ್ದು ಗಣಿತ, ಫಿಸಿಕ್ಸ್ ಎಚ್‌ಎಲ್ ಮತ್ತು ಒಟ್ಟು ಅಂಕ. ಎಷ್ಟು ಎಚ್‌ಎಲ್ ಮಾಡಿದೆ ಅಂತ ಯಾರೂ ಕೇಳಲಿಲ್ಲ.

ನಾಲ್ಕು ಎಚ್‌ಎಲ್ ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ಸೇರಬೇಕಾದ ಕಡೆ ನಾಲ್ಕನ್ನೂ ಕೇಳಿದರೆ, ಅಥವಾ ಯಾವುದನ್ನು ಓದಬೇಕು ಅಂತ ಇನ್ನೂ ತೀರ್ಮಾನ ಆಗದೆ ಎರಡು ದಾರಿಯನ್ನೂ ತೆರೆದಿಡಬೇಕಾದರೆ ತೆಗೆದುಕೊಳ್ಳಿ. ಆಗ ಎಷ್ಟನೇ ತಿಂಗಳವರೆಗೆ ಇಳಿಸಲು ಬಿಡುತ್ತೀರಿ ಅಂತ ಶಾಲೆಯನ್ನು ಮೊದಲೇ ಕೇಳಿ, ಆ ದಿನಾಂಕ ಬರೆದಿಟ್ಟುಕೊಳ್ಳಿ. ಎಚ್‌ಎಲ್‌ನಿಂದ ಎಸ್‌ಎಲ್‌ಗೆ ಇಳಿಯುವುದು ಸಾಮಾನ್ಯವಾಗಿ ಆಗುತ್ತದೆ. ಎಸ್‌ಎಲ್‌ನಿಂದ ಮೇಲೆ ಹತ್ತುವುದು ತಡವಾದಷ್ಟೂ ಕಷ್ಟ, ತಪ್ಪಿಹೋದ ಪಾಠ ಎಲ್ಲಾ ಒಬ್ಬರೇ ಕೂತು ಓದಿಕೊಳ್ಳಬೇಕಾಗುತ್ತದೆ.

ಈಗ ಮಗ ಅದೇ ಫಾರ್ಮ್ ಹಿಡಿದು ಕೂತಿದ್ದಾನೆ. ಈ ಸಲ ಸಲಹೆಗಾರರ ಹತ್ತಿರ ಹೋಗುವ ಮುಂಚೆ ಅಕ್ಕನ ಹತ್ತಿರ ಹೋದ. ಅವಳು ಹೇಳಿದ್ದು ಇಷ್ಟು: ಒಂದೊಂದು ವಿಷಯದ ಹಳೆಯ ಎಚ್‌ಎಲ್ ಪೇಪರ್ ತಂದು ಪ್ರಶ್ನೆಗಳನ್ನು ಬರೀ ಓದಿ ನೋಡು, ಉತ್ತರ ಬರದಿದ್ದರೂ ಪರವಾಗಿಲ್ಲ, ತಿಳಿದುಕೊಳ್ಳಬೇಕು ಅನ್ನಿಸುತ್ತಾ ನೋಡು. ಬಯಾಲಜಿ, ಇತಿಹಾಸ ಎರಡಕ್ಕೂ ಅನ್ನಿಸಿತಂತೆ. ಮೂರನೆಯದು ಕೆಮಿಸ್ಟ್ರಿಯೋ ಸಾಹಿತ್ಯವೋ ಅಂತ ಇನ್ನೂ ಗೊತ್ತಾಗಿಲ್ಲ, ಸೋಮವಾರ ಆ ಎರಡರ ಪೇಪರ್ ಟೀಚರ್ ಹತ್ತಿರ ಕೇಳಿ ತರುತ್ತಾನೆ.